ಜಿಂಕೆಯ ನಾಲ್ಕು ಗುಡ್ಡೆ

ಆ ನವೆಂಬರಿನಲ್ಲಿ ನಮ್ಮ ಮನೆಯಲ್ಲಿ ಒಂದೇ ಒಂದು ಮಾತು ಬಾಕಿ ಉಳಿದಿತ್ತು. ಮಿಷಿಗನ್ನಿನ ನೋವೈಯಲ್ಲಿ ಜೋಳದ ಹೊಲ ಸಮ ಮಾಡಿ ಎಬ್ಬಿಸುತ್ತಿದ್ದ ಸಬ್‌ಡಿವಿಷನ್ನಿನಲ್ಲಿ ನನ್ನ ಗಂಡ ಒಂದು ಮನೆ ನೋಡಿಟ್ಟಿದ್ದರು. ಥ್ಯಾಂಕ್ಸ್‌ಗಿವಿಂಗ್ ರಜೆ ಮುಗಿದ ಸೋಮವಾರ ಬಿಲ್ಡರನಿಗೆ ಹೂಂ ಅನ್ನಬೇಕು, ಇಲ್ಲವೇ ಬೇಡ ಅನ್ನಬೇಕು. ಸಹಿ ಇಬ್ಬರದೂ ಬೇಕಿತ್ತು. ಇವರು ಪೆನ್ನು ಹಿಡಿದು ಕೂತಿದ್ದರು, ನಾನು ಬಾಯಿ ಬಿಟ್ಟಿರಲಿಲ್ಲ. ಮನೆಯೇನೋ ಚೆನ್ನಾಗಿತ್ತು. ಆದರೆ ಸಹಿ ಹಾಕಿದರೆ, ಐದು ವರ್ಷ ದುಡಿದು ವಾಪಸ್ ಹೋಗೋಣ ಎಂದು ಮದುವೆಯಾದ ಹೊಸದರಲ್ಲಿ ಆಡಿಕೊಂಡಿದ್ದ ಮಾತು ಅಲ್ಲಿಗೆ ಮುಗಿದುಹೋಗುತ್ತಿತ್ತು. ನನಗೆ ವಾಪಸ್ ಹೋಗಬೇಕಿತ್ತು. ಊರಿನ ಹಂಬಲ ನನಗೆ ಹಸಿವಿನ ಹಾಗೆ ಹೊತ್ತು ಹೊತ್ತಿಗೆ ಬರುತ್ತಿತ್ತು.

ಪರಿಚಯದವರಿಗೆಲ್ಲ ವಿಷಯ ಗೊತ್ತಿತ್ತು. ನಮಗೆ ಅಲ್ಲಿ ತಂದೆತಾಯಿಯ ಹಾಗಿದ್ದ ಮೈಸೂರಿನ ಅಂಕಲ್, ಆಂಟಿ ಇದ್ದರು. ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷ ದಾಟಿದವರು. ಆಂಟಿ ನನ್ನನ್ನು ಕಂಡಾಗಲೆಲ್ಲ, "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ?" ಎಂದು ಛೇಡಿಸುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೇ ಮೈ ಉರಿಯುತ್ತಿತ್ತು.

ಅಷ್ಟರಲ್ಲಿ ಜಿಂಕೆ ಬಂತು. ಇವರ ಆಫೀಸಿನಲ್ಲಿ ವಯಸ್ಸಾದ ಬಿಳಿಯ ಸಹೋದ್ಯೋಗಿಯೊಬ್ಬನಿದ್ದ. ನವೆಂಬರ್ ಮಧ್ಯ ಬಂತೆಂದರೆ ಮಿಷಿಗನ್ನಿನ ಗಂಡಸರಿಗೆ ಜಿಂಕೆ ಬೇಟೆಯ ಕಿತ್ತಳೆ ಬಣ್ಣದ ಜಾಕೆಟ್ಟಿನ ಹುಚ್ಚು ಹಿಡಿಯುತ್ತದೆ, ಆತನಿಗೂ ಹಿಡಿಯುತ್ತಿತ್ತು. ತನ್ನ ಅಣ್ಣನ ಜಮೀನಿನಲ್ಲಿ ಆಗಲೇ ಒಂದು ಹೊಡೆದು ಫ್ರೀಜರ್ ತುಂಬಿಸಿಕೊಂಡಿದ್ದ. ಇನ್ನೊಂದು ಸಿಕ್ಕರೆ ನಿಮಗೆ, ಭಾನುವಾರ ಬನ್ನಿ ಎಂದು ಕರೆದ. ಇವರಿಗೆ ಅಷ್ಟೇನೂ ಮನಸ್ಸಿರಲಿಲ್ಲ. ಕುಣಿದುಕೊಂಡು ಹೊರಟವಳು ನಾನು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬರುವ, ಯಾವ ಪ್ರಾಣಿಯ ಯಾವ ಭಾಗವೆಂದು ತಿಳಿಯದ ಮಾಂಸ ತಿಂದೂ ತಿಂದೂ ನನ್ನ ನಾಲಿಗೆ ಸತ್ತುಹೋಗಿತ್ತು.

ಒಂದು ಗಂಟೆ ಉತ್ತರಕ್ಕೆ ಡ್ರೈವ್ ಮಾಡಿಕೊಂಡು ಹೋದೆವು. ಕೊಯ್ಲಾದ ಜೋಳದ ಹೊಲದ ಅಂಚಿನಲ್ಲಿ, ಇಬ್ಬನಿ ಗಟ್ಟಿಯಾಗಿ ಬೆಳ್ಳಗಾದ ಹುಲ್ಲಿನ ಮೇಲೆ ಹೆಣ್ಣು ಜಿಂಕೆಯೊಂದು ಬಿದ್ದಿತ್ತು. ನಾವು ತಲುಪುವ ಸ್ವಲ್ಪ ಮುಂಚೆ ಹೊಡೆದಿದ್ದನಂತೆ. ಕಣ್ಣು ಇನ್ನೂ ತಿಳಿಯಾಗಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲವೆಂದರೆ ಸುಳ್ಳು. ಅಯ್ಯೋ ಅಂದುಕೊಳ್ಳುತ್ತಲೇ ಸಾರಿಗೆ ಎಷ್ಟು ಕೊತ್ತಂಬರಿ ಬೇಕೆಂದು ಲೆಕ್ಕ ಹಾಕುತ್ತಿದ್ದೆ ಅನ್ನುವುದೂ ನಿಜ.

ಆತ ಮೊಣಕಾಲೂರಿ ಕೂತು ಜಿಂಕೆಯನ್ನು ಅಂಗಾತ ಮಲಗಿಸಿದ. ಹಿಂಗಾಲನ್ನು ಅಗಲಿಸಿ ಹಿಡಿಯಲು ಇವರಿಗೆ ಹೇಳಿದ. ಎದೆಮೂಳೆಯ ಕೆಳಗೆ ಚರ್ಮವನ್ನಷ್ಟೇ ಚಿಕ್ಕದಾಗಿ ಸೀಳಿ, ಎರಡು ಬೆರಳು ಒಳಗೆ ತೂರಿಸಿ, ಆ ಬೆರಳುಗಳ ನಡುವೆ ಚಾಕುವಿನ ಅಲಗನ್ನು ಮೇಲ್ಮುಖವಾಗಿ ಹಿಡಿದು ತೊಡೆಯ ಸಂದಿಯವರೆಗೆ ಎಳೆದ. ಚಾಕು ಒಳಗಿನ ಚೀಲಕ್ಕೆ ತಾಗಿದರೆ ಮಾಂಸವೆಲ್ಲ ಹಾಳು ಎಂದ. ಆಮೇಲೆ ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಎದೆಯೊಳಗೆ ಕೈ ಹಾಕಿ ಶ್ವಾಸನಾಳ ಕತ್ತರಿಸಿ ಎಳೆದ. ಪ್ರಾಣಿಯನ್ನು ಪಕ್ಕಕ್ಕೆ ಉರುಳಿಸಿದರೆ ಹೊಟ್ಟೆಯೊಳಗಿನದೆಲ್ಲ ಒಟ್ಟಾಗಿ ಹುಲ್ಲಿನ ಮೇಲೆ ಜಾರಿ ಬಿತ್ತು. ಆ ಚಳಿಗೆ ಅದರಿಂದ ಹಬೆ ಏಳುತ್ತಿತ್ತು. ಇವರು ಮುಖ ಸಿಂಡರಿಸಿ ಮೋಡ ನೋಡುತ್ತಿದ್ದರು. ಆ ಬಿಸಿಯ ವಾಸನೆ ಮೂಗಿಗೆ ಬಡಿದದ್ದೇ ನಾನು ಮಿಷಿಗನ್ನಿನಲ್ಲಿ ಇಲ್ಲವಾದೆ.

ನಾನು ಬೆಳೆದದ್ದು ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಕ್ವಾರ್ಟರ್ಸಿನಲ್ಲಿ. ಯುಗಾದಿಯ ಮಾರನೆಯ ದಿನ ನಮ್ಮಲ್ಲಿ ಹೊಸತೊಡಕು. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಬಾಡು. ಅಂಗಡಿಗೆ ಹೋಗಿ ಕೆ.ಜಿ. ಲೆಕ್ಕದಲ್ಲಿ ತರುವುದು ಆ ದಿನ ನಡೆಯುತ್ತಿರಲಿಲ್ಲ. ಹತ್ತು ಹದಿನೈದು ಮನೆ ಸೇರಿ ಮರಿ ತಂದು, ಬೆಳಗಿನ ಜಾವವೇ ಕೊಯ್ದು, ಮುತ್ತುಗದ ಎಲೆಗಳ ಮೇಲೆ ಮನೆಗೊಂದರಂತೆ ಗುಡ್ಡೆ ಹಾಕುತ್ತಿದ್ದರು. ಗುಡ್ಡೆ ಹಾಕುವುದು ಅಪ್ಪನ ಕೆಲಸ. ತೊಡೆ, ಎದೆ, ಕತ್ತು, ಈಲಿ ಅನ್ನುವ ಲಿವರ್, ಬೋಟಿ, ಎಲ್ಲದರಲ್ಲೂ ಒಂದೊಂದು ಚೂರು ಎಲ್ಲ ಗುಡ್ಡೆಗೂ ಬೀಳಬೇಕು. ಮ್ಯಾನೇಜರನ ಮನೆಗೂ ಅಷ್ಟೇ, ಲಾರಿ ಕ್ಲೀನರನ ಮನೆಗೂ ಅಷ್ಟೇ. ಅಪ್ಪ ಎಷ್ಟೇ ಸಮ ಮಾಡಿದರೂ ಯಾರಾದರೂ ಗೊಣಗುವವರೇ. ಅದಕ್ಕೇ ಕೊನೆಗೊಂದು ಉಪಾಯವಿತ್ತು. ಗುಡ್ಡೆಗಳಿಗೆ ಬೆನ್ನು ಮಾಡಿ ನನ್ನನ್ನು ನಿಲ್ಲಿಸುತ್ತಿದ್ದರು. ಒಬ್ಬರು ಒಂದು ಗುಡ್ಡೆ ತೋರಿಸಿ, ಇದು ಯಾರಿಗೆ ಎಂದು ಕೂಗುವುದು, ನಾನು ಬಾಯಿಗೆ ಬಂದ ಮನೆಯ ಹೆಸರು ಹೇಳುವುದು. ಲಂಗ ಹಿಡಿದು ಗೋಡೆ ನೋಡುತ್ತ ನಿಂತು, ಊರಿಗೆಲ್ಲ ಅನ್ನ ಹಂಚುತ್ತಿರುವವಳು ನಾನೇ ಎಂದು ಬೀಗುತ್ತಿದ್ದೆ.

ಹೊಲದ ಅಂಚಿನಲ್ಲಿ ಆತ ಕರುಳಿನ ರಾಶಿಯನ್ನು ಬೂಟಿನಿಂದ ಪಕ್ಕಕ್ಕೆ ತಳ್ಳಿದಾಗ ನನಗೆ ತಡೆಯಲಾಗಲಿಲ್ಲ. ಅದನ್ನೇನು ಮಾಡುತ್ತೀರಿ ಎಂದೆ. ರಾತ್ರಿ ನರಿಗಳು ಬಂದು ತಿನ್ನುತ್ತವೆ ಎಂದ. ಈಲಿ, ಗುಂಡಿಗೆ ನನಗೆ ಬೇಕು ಎಂದೆ. ಬ್ರೆಡ್ಡಿನ ಚೀಲದಲ್ಲಿ ಹಾಕಿ ಕೊಟ್ಟ. ಹೊಟ್ಟೆಯ ಚೀಲವೂ ಬೇಕು, ಕರುಳೂ ಬೇಕು ಎಂದಾಗ ಆತ ಇವರ ಕಡೆ ನೋಡಿದ. ಇವರು, ತಮಗೂ ನನಗೂ ಯಾವ ಸಂಬಂಧವೂ ಇಲ್ಲವೆನ್ನುವಂತೆ ಕಾರಿನ ಟೈರ್ ಪರೀಕ್ಷಿಸುತ್ತಿದ್ದರು. ಕೊಟ್ಟಿಗೆಯ ಪಕ್ಕದ ನಲ್ಲಿಯಲ್ಲಿ, ಬೆರಳು ಮರಗಟ್ಟುವ ನೀರಿನಲ್ಲಿ, ಅರ್ಧ ಜೀರ್ಣವಾದ ಜೋಳವನ್ನು ಸುರಿದು ಬೋಟಿ ತೊಳೆದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಇವರಿಗೆ ಕೇಳುವ ಹಾಗೆ ಅಂದುಕೊಂಡೇ ತೊಳೆದೆ. ಆತ ಬಕೆಟ್ಟುಗಟ್ಟಲೆ ಬಿಸಿನೀರು ತಂದು ಸುರಿದ. ನಗುತ್ತಿದ್ದ, ಆದರೆ ಅದರಲ್ಲಿ ಕುಹಕವಿರಲಿಲ್ಲ.

ನಾವಿದ್ದದ್ದು ಅಪಾರ್ಟ್‌ಮೆಂಟಿನಲ್ಲಿ. ಜಿಂಕೆಯನ್ನು ಟಾರ್ಪಾಲಿನಲ್ಲಿ ಸುತ್ತಿ ಅಂಕಲ್ ಮನೆಯ ಗ್ಯಾರೇಜಿಗೆ ತಂದೆವು. ಹೊರಗೆ ಮೂವತ್ತೈದು ಡಿಗ್ರಿ ಫ್ಯಾರನ್‌ಹೀಟಿನ ಚಳಿ ಇದ್ದ ಮೇಲೆ ಗ್ಯಾರೇಜೇ ಫ್ರಿಜ್ಜು. ಹಿಂಗಾಲು ಕಟ್ಟಿ ತೊಲೆಗೆ ತೂಗುಹಾಕಿದೆವು. ಹೊಟ್ಟೆ ಮುಚ್ಚಿಕೊಳ್ಳದ ಹಾಗೆ ನಡುವೆ ಒಂದು ಕಡ್ಡಿ ಸಿಕ್ಕಿಸಿ, ಗುರುವಾರದವರೆಗೆ ಬಿಟ್ಟೆವು. ಗುರುವಾರ ಥ್ಯಾಂಕ್ಸ್‌ಗಿವಿಂಗ್. ಬೀದಿಯ ಅಷ್ಟೂ ಮನೆಯಲ್ಲಿ ಟರ್ಕಿ ಕೋಳಿ ಬೇಯುತ್ತಿದ್ದರೆ ನಮ್ಮದು ಹೊಸತೊಡಕು.

ನಾಲ್ಕು ಮನೆ ಪಾಲು ಎಂದಾಗಿತ್ತು. ಆಂಟಿಯದು, ನಮ್ಮದು, ಹತ್ತಿರದ ಟ್ರಾಯ್‌ನಿಂದ ಬಂದ ಒಂದು ಕುಟುಂಬದ್ದು, ಪಕ್ಕದ ಊರು ಕ್ಯಾಂಟನ್ನಿನ ಇನ್ನೊಂದು ಕುಟುಂಬದ್ದು. ಇವರ ಜೊತೆ ಕೆಲಸ ಮಾಡುತ್ತಿದ್ದ ತುಮಕೂರಿನ ಸಾಹೇಬರು ತಮ್ಮ ಚಾಕು, ಮಚ್ಚು ತಂದಿದ್ದರು. ಬಕ್ರೀದಿಗೆ ಫಾರ್ಮಿಗೆ ಹೋಗಿ ತಾವೇ ಕುರಿ ಕೊಯ್ದು ಅಭ್ಯಾಸವಿದ್ದವರು. ಇದು ದೇವರ ಹೆಸರು ಹೇಳಿ ಹೊಡೆದದ್ದಲ್ಲ, ನಮಗೆ ಪಾಲು ಬೇಡ, ಕೊಯ್ಯೋಕೆ ಮಾತ್ರ ಬರ್ತೀನಿ ಎಂದು ಮೊದಲೇ ಹೇಳಿದ್ದರು. ಅವರ ಸಂತೋಷ ನೋಡಿದರೆ ಪಾಲು ಅವರಿಗೇ ಹೆಚ್ಚು ಬಂದಿರಬೇಕು ಅನ್ನಿಸುತ್ತಿತ್ತು.

ಹಿಂಗಾಲಿನ ಬಳಿ ಸುತ್ತ ಕೊಯ್ದು, ಒದ್ದೆ ಸ್ವೆಟರ್ ಬಿಚ್ಚಿದ ಹಾಗೆ ಚರ್ಮವನ್ನು ಕೆಳಕ್ಕೆ ಎಳೆದರು. ಬೆನ್ನಿನುದ್ದಕ್ಕೂ ಇರುವ ಎರಡು ಪಟ್ಟಿ ಮಾಂಸ ಎಲ್ಲಕ್ಕಿಂತ ಮೆತ್ತಗಿರುತ್ತದೆ, ಅದನ್ನು ಮಾತ್ರ ಯಾವುದಕ್ಕೂ ಬೆರೆಸಬೇಡಿ ಎಂದು ಆ ಸಹೋದ್ಯೋಗಿ ಕೈಮುಗಿಯುವುದೊಂದು ಬಾಕಿ ಎನ್ನುವ ಹಾಗೆ ಹೇಳಿ ಕಳಿಸಿದ್ದ. ನಾವು ಅದನ್ನೂ ಚೂರು ಮಾಡಿ ನಾಲ್ಕು ಪಾಲಿಗೆ ಹಾಕಿದೆವು. ಒಂದು ಗುಡ್ಡೆಯಲ್ಲಿದ್ದದ್ದು ಇನ್ನೊಂದರಲ್ಲಿ ಇಲ್ಲವೆಂದರೆ ಹೇಗೆ? ಕೊಬ್ಬನ್ನೆಲ್ಲ ಕೆರೆದು ಎಸೆಯಿರಿ ಎಂದೂ ಹೇಳಿದ್ದ. ಆಂಟಿ, ಕೊಬ್ಬಿಲ್ಲದೆ ಎಂಥ ರುಚಿ ಎಂದು ಮೂಗು ಮುರಿದು ಅದನ್ನೂ ಉಳಿಸಿಕೊಂಡರು. ಆ ಸಾರು ತಟ್ಟೆಗೆ ಬೀಳುತ್ತಲೇ ಮೇಣದ ಹಾಗೆ ಗಟ್ಟಿಯಾಗಿ ಬಾಯಿಯ ಅಂಗುಳಕ್ಕೆ ಅಂಟಿಕೊಂಡ ಕತೆ ಆಮೇಲಿನದು.

ಗ್ಯಾರೇಜಿನ ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ಅಲ್ಯುಮಿನಿಯಮ್ ಫಾಯಿಲಿನ ಮೇಲೆ ಗುಡ್ಡೆ ಹಾಕಿದವಳು ನಾನು. ಅಲ್ಲಿಂದ ತೆಗೆದು ಇಲ್ಲಿಗೆ, ಇಲ್ಲಿಂದ ತೆಗೆದು ಅಲ್ಲಿಗೆ. ಒಂದು ತುಂಡು ಈಲಿಯನ್ನು ಇನ್ನೂ ಚಿಕ್ಕದು ಮಾಡಿ ನಾಲ್ಕಕ್ಕೂ ಸಮ ಹಾಕುವಾಗ ನನ್ನ ಕೈಯಲ್ಲಿ ಅಪ್ಪನ ಕೈ ಇತ್ತು. ನನ್ನ ಸುತ್ತ ಜನ ಬಗ್ಗಿ ನೋಡುತ್ತಿದ್ದರು, ಆ ಗುಡ್ಡೆಗೆ ಮೂಳೆ ಜಾಸ್ತಿಯಾಯಿತು ಎಂದು ಗೊಣಗುತ್ತಿದ್ದರು. ಆ ಗೊಣಗಾಟ ಕೇಳಿ ಎಷ್ಟು ವರ್ಷವಾಗಿತ್ತು! ನನಗೆ ಅಳುವಷ್ಟು ಸುಖವಾಯಿತು.

ಇನ್ನು ಕೂಗುವುದಷ್ಟೇ. ಗುಡ್ಡೆ ತೋರಿಸಲು ಪಾಲಿಲ್ಲದವರೇ ಸರಿ ಎಂದು ಸಾಹೇಬರನ್ನು ನಿಲ್ಲಿಸಿದೆವು. ನಾನು ಬೆನ್ನು ತಿರುಗಿಸಿ, ಗೋಡೆಗೆ ಒರಗಿಸಿಟ್ಟಿದ್ದ ಹಿಮ ಎತ್ತುವ ಸಲಿಕೆಗಳ ಕಡೆ ಮುಖ ಮಾಡಿ ನಿಂತೆ.

"ಇದು ಯಾರಿಗೆ?" ಎಂದರು.

"ಕ್ಯಾಂಟನ್ ಮನೆಗೆ."

"ಇದು?"

"ಆಂಟಿ ಮನೆಗೆ."

"ಇದು?"

"ಟ್ರಾಯ್ ಮನೆಗೆ."

"ಇದು ಯಾರಿಗಕ್ಕ?"

"ಅಪ್ಪನ ಮನೆಗೆ," ಎಂದೆ.

ಏನು ಹೇಳಿದೆನೆಂದು ನನಗೆ ಗೊತ್ತೇ ಆಗಲಿಲ್ಲ. ಗುಡ್ಡೆ ಎತ್ತಿಕೊಳ್ಳಲು ತಿರುಗಿದೆ. ಸಾಹೇಬರು ಚಾಕುವಿನ ತುದಿಯನ್ನು ಕೊನೆಯ ಗುಡ್ಡೆಯ ಮೇಲೆ ಹಿಡಿದೇ ನಿಂತಿದ್ದರು. "ಅಕ್ಕ, ಗುಡ್ಡೆ ಮುಗೀತು. ನಿಮ್ಮನೆ ಹೆಸರೇ ಬರ್ಲಿಲ್ವಲ್ಲ," ಎಂದರು ಮೆಲ್ಲಗೆ. ಆಂಟಿ ತಕ್ಷಣ, ಬಾಯಿ ತಪ್ಪಿತು ಬಿಡು, ಇನ್ನೊಂದು ಸಲ ಕೂಗಿದರಾಯಿತು ಎಂದು ನಗಲು ನೋಡಿದರು.

ಇವರು ನಗಲಿಲ್ಲ. ಬಕೆಟ್ಟಿನ ಮುಂದೆ ಕೂತು ಮಚ್ಚು ತೊಳೆಯುತ್ತಿದ್ದವರು ತಲೆ ಎತ್ತಿದರು. "ಬೇಡ ಆಂಟಿ. ಅವಳು ಸರಿಯಾಗೇ ಹೇಳಿದಾಳೆ. ನಾನು ಎರಡು ತಿಂಗಳಿಂದ ಕೇಳ್ತಿದ್ದೆ, ಇವತ್ತು ಹೇಳಿದ್ಲು."

ಅಷ್ಟು ಜನರ ಮುಂದೆ ನನಗೆ ನೆಲ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಇವರ ದನಿಯಲ್ಲಿ ಸಿಟ್ಟಿದ್ದಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಸಿಟ್ಟು ಇರಲಿಲ್ಲ. ಎದ್ದು ಬಂದು, ಆ ಕೊನೆಯ ಗುಡ್ಡೆಯನ್ನು ತಾವೇ ಫಾಯಿಲಿನಲ್ಲಿ ಮಡಚಿ, ಚೀಲಕ್ಕೆ ಹಾಕಿ, ಕಾರಿನಲ್ಲಿಟ್ಟು ಬಂದರು. ಎಲ್ಲರೂ ಅಲ್ಲೇ ಊಟ ಮಾಡಿದೆವು. ರಾಗಿ ಮುದ್ದೆ, ಜಿಂಕೆಯ ಸಾರು.

ಮನೆಗೆ ಹೊರಟಾಗ ಇನ್ನೂ ಬೆಳಕಿತ್ತು. ರಜೆಯ ದಿನ, ಫ್ರೀವೇ ಖಾಲಿ. ಸುಮಾರು ದೂರ ಹೋದೆವು. ಆಮೇಲೆ ಇವರು, ಸೋಮವಾರ ಬಿಲ್ಡರನಿಗೆ ಬೇಡ ಎಂದು ಹೇಳಿಬಿಡುತ್ತೇನೆ, ಬೇಸಿಗೆಯ ಹೊತ್ತಿಗೆ ಬೆಂಗಳೂರಲ್ಲಿ ಕೆಲಸ ನೋಡಿಕೊಂಡು ಹೊರಟುಬಿಡೋಣ ಎಂದರು. ಯಾವ ಮಾತಿಗಾಗಿ ಇಷ್ಟು ವರ್ಷ ಕಾದಿದ್ದೆನೋ ಆ ಮಾತು, ನಾನು ಬಾಯಿಬಿಟ್ಟು ಕೇಳದೆಯೇ, ಇಷ್ಟು ಸುಲಭವಾಗಿ ಬಂದಿತ್ತು. ನನಗೆ ಏನೂ ಆಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತೆ.

ಫ್ರೀವೇಯಿಂದ ಇಳಿಯುವ ಒಂದು ಎಕ್ಸಿಟ್ ದಾಟಿದ ಮೇಲೆ ಇವರು ಕೇಳಿದರು: "ಒಂದು ಕೇಳ್ಲಾ? ಅಪ್ಪನ ಮನೆ ಅಂದ್ಯಲ್ಲ, ನಿನ್ನ ಮನಸ್ಸಲ್ಲಿ ಬಂದಿದ್ದು ಯಾವ ಮನೆ? ಮೈಸೂರಿನ ನಿಮ್ಮಣ್ಣನ ಮನೆನಾ?"

ಕೆಣಕಲು ಕೇಳಿದ್ದಲ್ಲ ಅದು. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ಅಪ್ಪ ಹಿಂದಿನ ವರ್ಷವೇ ರಿಟೈರ್ ಆಗಿದ್ದರು. ಕ್ವಾರ್ಟರ್ಸ್ ಖಾಲಿ ಮಾಡಿ, ಮೈಸೂರಿನಲ್ಲಿ ಅಣ್ಣನ ಮನೆಯ ಮಹಡಿಯ ಮೇಲೆ ಅಮ್ಮನೊಂದಿಗೆ ಹಾಯಾಗಿದ್ದರು. ಯುಗಾದಿಯ ಮಾರನೆಯ ದಿನ ಅಣ್ಣ ಅಂಗಡಿಯ ಸಾಲಿನಲ್ಲಿ ನಿಂತು ಎರಡು ಕೆ.ಜಿ. ಮಟನ್ ತಂದನೆಂದು ಫೋನಿನಲ್ಲಿ ಅಪ್ಪನೇ ಹೇಳಿದ್ದರು. ಎಲ್ಲ ಗೊತ್ತಿದ್ದೂ ನಾನು ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಆ ಮಹಡಿಯ ಮನೆಯನ್ನು ನಾನು ಕಣ್ಣಲ್ಲೂ ಕಂಡಿರಲಿಲ್ಲ. ಗ್ಯಾರೇಜಿನಲ್ಲಿ ನನ್ನ ಬಾಯಿಂದ ಬಂದ ಆ ಕ್ವಾರ್ಟರ್ಸಿನ ಮನೆಯಲ್ಲಿ ಈಗ ಬೇರೆ ಯಾರದೋ ಮಕ್ಕಳು ಲಂಗ ಹಿಡಿದು ಓಡಾಡುತ್ತಿದ್ದವು.

"ಮೈಸೂರಿನದಲ್ಲ," ಎಂದೆ.

ಇವರಿಗೆ ಅರ್ಥವಾಯಿತು. ಸ್ಟೀರಿಂಗಿನಿಂದ ಒಂದು ಕೈ ತೆಗೆದು ನನ್ನ ಕೈ ಮೇಲಿಟ್ಟರು. ಎಷ್ಟು ತೊಳೆದರೂ ಇಬ್ಬರ ಕೈಗೂ ಜಿಂಕೆಯ ವಾಸನೆ ಇತ್ತು.

"ಸೋಮವಾರ ನಾನೂ ಬರ್ತೀನಿ ರೀ," ಎಂದೆ. "ಸೈನ್ ಮಾಡೋಣ."

ನಮ್ಮ ಎಕ್ಸಿಟ್ ಬಂದದ್ದನ್ನು ಇಬ್ಬರೂ ನೋಡಲಿಲ್ಲ. ಮುಂದಿನ ಎಕ್ಸಿಟ್ಟಿಗೆ ಹೋಗಿ ತಿರುಗಿಸಿಕೊಂಡು ಬರಬೇಕಾಯಿತು, ಅಷ್ಟೂ ದೂರ ನಾನು ಅತ್ತೆ.