ಐಲಿಯ ಕೈರುಚಿ

ನಮ್ಮ ಓಯಿವನಿಗೆ ಮೊಟ್ಟೆ ಬೇಯಿಸುವುದಕ್ಕೂ ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ. ಕಾಗದದ ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನು, ಕಾರ್ಖಾನೆ ಮುಚ್ಚಿದ ಮೇಲೆ ಒಂದು ಚಳಿಗಾಲವಿಡೀ ಸೋಫಾ ಮೇಲೆ ಬಿದ್ದುಕೊಂಡಿದ್ದ. ಹಿಮ ಕರಗುವ ಹೊತ್ತಿಗೆ ಎದ್ದು ಕೂತು, ದೋಣಿ ಮಾರಿ, ಬಾಗಿಲು ಹಾಕಿದ್ದ ಬ್ಯಾಂಕಿನ ಕಟ್ಟಡವನ್ನು ಹೋಟೆಲು ಮಾಡಲು ಬಾಡಿಗೆಗೆ ಹಿಡಿದ. ಸರೋವರಗಳೇ ತುಂಬಿದ ನಮ್ಮ ಸಾವೋ ಸೀಮೆಯಲ್ಲಿ ಗಂಡಸು ಹೆಂಡತಿಯನ್ನು ಬಿಟ್ಟರೂ ದೋಣಿ ಮಾರುವುದಿಲ್ಲ, ಆದ್ದರಿಂದ ವಿಷಯ ಗಂಭೀರವೆಂದು ಎಲ್ಲರಿಗೂ ಅರ್ಥವಾಯಿತು. ಅಡುಗೆಯವನಿಗಿಂತ ಮೊದಲು ಬೋರ್ಡು ಬಂತು: 'ಐಲಿಯ ಕೈರುಚಿ'. ಐಲಿ ಅವನ ತಾಯಿ.

"ಜನಕ್ಕೀಗ ಬೇಕಾಗಿರೋದು ಮನಸ್ಸಿಗೆ ಹಿತವಾಗೋ ಊಟ, ಹೆಲ್ವಿ," ಎಂದ, ನನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು. ಓಯಿವನ ತಲೆಯಲ್ಲಿ ಕತ್ತರಿಸಲು ಹೆಚ್ಚೇನೂ ಉಳಿದಿಲ್ಲ, ಅವನು ಬರುವುದು ಮಾತಾಡಲು. "ಆರೇ ಆರು ತಿನಿಸು. ಎಲ್ಲಾ ನಮ್ಮಮ್ಮ ಮಾಡ್ತಿದ್ದಿದ್ದು. ಅಪ್ಪ ಅಂತೂ ಸೊಂಟನೋವು ಅಂತ ರೇಡಿಯೋ ಮುಂದೆ ಕೂತಿರ್ತಿದ್ದ. ಅಮ್ಮ ಕಾರ್ಖಾನೇಲೂ ದುಡಿದು, ಮನೇಲೂ ಬೇಯ್ಸಿ ಹಾಕಿದ್ಲು. ಆ ರುಚಿ ಒಂದು ಸಿಕ್ಕಿಬಿಟ್ರೆ ನಾನು ಗೆದ್ದೆ. ಸಿಗದಿದ್ರೆ ದೋಣೀನೂ ಹೋಯ್ತು, ಮಾನಾನೂ ಹೋಯ್ತು."

ಅಪ್ಪ ಉರ್ಪೊ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕಾಡಿನಲ್ಲಿ ದಿಮ್ಮಿ ಬಿದ್ದು ಸೊಂಟ ಮುರಿದುಕೊಂಡಿದ್ದ ಆ ಮನುಷ್ಯನನ್ನು ಮಗ ಚಿಕ್ಕಂದಿನಿಂದಲೂ ಸೋಮಾರಿ ಎಂದೇ ಕರೆಯುತ್ತಿದ್ದ.

ಆರು ತಿನಿಸು ಆರಿಸುವುದರಲ್ಲಿ ಊರು ಎರಡು ಹೋಳಾಯಿತು. ಆಲೂಗಡ್ಡೆ, ಕಂದು ಗ್ರೇವಿ ಜೊತೆಗಿನ ಮಾಂಸದುಂಡೆಗೆ ಯಾರ ತಕರಾರೂ ಇರಲಿಲ್ಲ. ಮೀನಿನ ಸೂಪು, ಓವನ್ನಿನಲ್ಲಿ ಬೇಯಿಸಿದ ಮೆಕರೋನಿ, ರಾತ್ರಿಯಿಡೀ ಬೆಂದ ಮಾಂಸದ ಪಲ್ಯವೂ ಸುಲಭವಾಗಿ ದಾಟಿಕೊಂಡವು. ಆದರೆ ಬಟಾಣಿ ಸೂಪನ್ನು ದಿನಾ ಮಾಡುತ್ತೇನೆಂದು ಓಯಿವ ಹೇಳಿದಾಗ ಅಂಚೆ ಕಚೇರಿಯ ಲೆಂಪಿ ಕಾಫಿ ಕಪ್ಪನ್ನು ಕೆಳಗಿಟ್ಟಳು.

"ಗುರುವಾರ ಬಿಟ್ಟು ಬೇರೆ ದಿನ ಬಟಾಣಿ ಸೂಪು ಯಾರು ಕುಡೀತಾರೆ?" ಎಂದಳು. "ಆಮೇಲೆ ಮಂಗಳವಾರ ಚರ್ಚಿಗೂ ಹೋಗು ಅಂತೀಯ."

ಅದನ್ನು ಗುರುವಾರಕ್ಕೇ ಬಿಟ್ಟ. ಕೊನೆಯದು ಲಿವರ್ ಲಾತಿಕ್ಕೊ. ಲಿವರು, ಅನ್ನ, ಒಂದಿಷ್ಟು ಸಿಹಿ ಕಲಸಿ ಓವನ್ನಿನಲ್ಲಿಡುವ ಈ ತಿನಿಸಿಗೆ ಒಣದ್ರಾಕ್ಷಿ ಹಾಕಬೇಕೆನ್ನುವವರು ಬೇಡವೆನ್ನುವವರನ್ನು ಮದುವೆಯಾಗಬಾರದು. ನಾನು ಆಗಿ ನೋಡಿದ್ದೇನೆ.

ಪೇಟೆಯಿಂದ ಅಡುಗೆ ಕಲಿಸುವವಳನ್ನು ಕರೆಸಿ ಓಯಿವ ನಿಜಕ್ಕೂ ಬೆವರು ಸುರಿಸಿದ, ಅದನ್ನು ಒಪ್ಪಲೇಬೇಕು. ಪ್ರತಿ ಶನಿವಾರ ನಮ್ಮನ್ನು ಬ್ಯಾಂಕಿನ ಹಳೆ ಕೌಂಟರಿನ ಮುಂದೆ ಕೂರಿಸಿ, ಬಡಿಸಿ, ಬಾಯಿ ನೋಡುತ್ತ ನಿಲ್ಲುತ್ತಿದ್ದ.

"ಅಮ್ಮ ಮಾಡಿದ ಥರ ಇದೆಯಾ?"

"ಇರಬಹುದು. ಇರದೇನೂ ಇರಬಹುದು," ಎನ್ನುತ್ತಿದ್ದಳು ಲೆಂಪಿ. ನಮ್ಮ ಕಡೆಯವರ ಬಾಯಲ್ಲಿ ಹೌದು, ಇಲ್ಲ ಎರಡೂ ಸುಲಭಕ್ಕೆ ಹೊರಡುವುದಿಲ್ಲ. ಹೊರಟರೆ ನಾಳೆ ಅದಕ್ಕೆ ಜವಾಬು ಹೇಳಬೇಕಾಗುತ್ತದೆ.

ಐಲಿಯಂತೂ ಇನ್ನೂ ಬಿಗಿ. ಏನು ಹಾಕುತ್ತಿದ್ದೆ ಅಮ್ಮಾ ಎಂದು ಮಗ ಎಷ್ಟು ಗೋಗರೆದರೂ "ಬಿಸಿ ಇರ್ಬೇಕು" ಎಂದಷ್ಟೇ ಹೇಳಿ ಕಿಟಕಿಯಾಚೆ ನೋಡುವಳು. ಓಯಿವ ಅದನ್ನೇ ಊರಿಡೀ ಸಾರಿದ. "ನೋಡಿದ್ರಾ? ದೊಡ್ಡ ಅಡುಗೆಯವರು ಗುಟ್ಟು ಬಿಡಲ್ಲ!"

ಹೋಟೆಲು ತೆರೆಯುವ ಹಿಂದಿನ ದಿನ ಪತ್ರಿಕೆಯ ಹುಡುಗಿ ಫೋಟೋ ತೆಗೆಯಲು ಬಂದಳು. ಐಲಿಯನ್ನು ಬೋರ್ಡಿನ ಕೆಳಗೆ ಕೂರಿಸಿ, ಮುಂದೆ ಲಿವರ್ ಲಾತಿಕ್ಕೊ ಇಟ್ಟು ಕೇಳಿದಳು: "ಈ ಕೈರುಚಿ ನಿಮಗೆ ಯಾರಿಂದ ಬಂತು? ನಾಳೆ ಪೇಪರಲ್ಲಿ ಹಾಕ್ತೀವಿ."

ಪೇಪರು ಎಂದ ಕೂಡಲೇ ಐಲಿ ಚಮಚ ಕೆಳಗಿಟ್ಟಳು. ಮಗನಿಗೆ ಎಷ್ಟು ಬೇಕಾದರೂ ಹಾರಿಕೆಯ ಉತ್ತರ ಕೊಡಬಹುದು, ಅಚ್ಚಾಗುವ ಮಾತು ಬೇರೆ.

"ಇದು ಅಂಗಡೀದು," ಎಂದಳು. "ತಗಡಿನ ಡಬ್ಬದಿಂದ ಪಿಂಗಾಣಿ ಪಾತ್ರೆಗೆ ಸುರಿದು ಬಿಸಿ ಮಾಡ್ತಿದ್ವಿ. ಇಡೀ ಊರೇ ಹಾಗೆ ಮಾಡ್ತಿತ್ತು."

ಲೆಂಪಿ ಸೀಲಿಂಗ್ ನೋಡತೊಡಗಿದಳು. ಓಯಿವ ನಕ್ಕ. "ಒಂದು ಹೋದ್ರೆ ಹೋಗ್ಲಿ ಬಿಡಮ್ಮ. ಉಳಿದ ಐದು ಹೇಳು."

"ಉಳಿದಿದ್ದು ನಿಮ್ಮಪ್ಪಂದು."

ಐಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ನಾನು ಸರದಿ ಮೇಲೆ ಮೂರು ಪಾಳೀಲೂ ದುಡೀತಿದ್ದೆ. ನನಗೆಲ್ಲಿತ್ತೋ ಬೇಯಿಸೋ ಪುರುಸೊತ್ತು? ಗಂಡಸು ಒಲೆ ಮುಂದೆ ನಿಂತ ಅಂದ್ರೆ ಕಾರ್ಖಾನೆ ಗೇಟಲ್ಲಿ ಆಡ್ಕೋತಿದ್ರು. ಮಕ್ಕಳಿಗೂ ಹೇಳ್ಬೇಡ, ಐಲಿ ಮಾಡಿಟ್ಟು ಹೋದ್ಲು ಅನ್ನೋಣ ಅಂದ ಅವನು. ನೀನು ಶಾಲೆಯಿಂದ ಬರೋದ್ರೊಳಗೆ ಪಾತ್ರೆ ತೊಳೆದಿಟ್ಟು ರೇಡಿಯೋ ಮುಂದೆ ಕೂತ್ಬಿಡ್ತಿದ್ದ. ನೀನು ಅವನ್ನ ಸೋಮಾರಿ ಅಂದಾಗೆಲ್ಲ ನನ್ನ ಕಡೆ ನೋಡಿ, ಸುಮ್ನಿರು ಅಂತ ಕಣ್ಣಲ್ಲೇ ಹೇಳ್ತಿದ್ದ."

ಓಯಿವನ ಮುಖ ನೋಡಲಾಗಲಿಲ್ಲ. ಆದರೂ ಅವನು ಓಯಿವನೇ ತಾನೆ! ಕೇಳಿಯೇಬಿಟ್ಟ: "ಹಾಗಾದ್ರೆ ಅಪ್ಪ ಏನು ಹಾಕ್ತಿದ್ದ? ರುಚಿ ಹೇಗಿತ್ತು?"

"ನನಗೇನು ಗೊತ್ತು? ಕೆಲಸ ಮುಗಿಸಿ ಬಂದವಳಿಗೆ ಎರಡು ತುತ್ತು ಇಳಿಯೋದ್ರೊಳಗೆ ನಿದ್ದೆ ಹತ್ತುತ್ತಿತ್ತು. ಯಾವ ಹೊತ್ತಿಗೆ ಬಂದ್ರೂ ಬಿಸಿ ಇರ್ತಿತ್ತು. ಅಷ್ಟೇ ನನಗೆ ಗೊತ್ತು." ನಂತರ ಕೋಟು ಹಾಕಿಕೊಂಡಳು. "ನನ್ನ ಹೆಸರು ತೆಗೆದುಬಿಡು."

ಮರುದಿನ ಗುರುವಾರ. ಬೋರ್ಡಿನಲ್ಲಿ 'ಐಲಿ'ಯ ಮೇಲೆ ಬಣ್ಣ ಬಳಿದು 'ಉರ್ಪೊ' ಎಂದು ಬರೆದಿತ್ತು. ಅವಸರದ ಕೆಲಸ, ಅಡಿಯ ಅಕ್ಷರ ಇನ್ನೂ ಇಣುಕುತ್ತಿತ್ತು. ಲಿವರ್ ಲಾತಿಕ್ಕೊದ ಮುಂದೆ 'ಅಂಗಡಿಯದು' ಎಂದು ಸ್ಪಷ್ಟವಾಗಿ ಬರೆದಿದ್ದರೂ ಜನ ಅದನ್ನೇ ಮುಗಿಬಿದ್ದು ತಿಂದರು. ಥೇಟ್ ನಮ್ಮಮ್ಮ ಮಾಡಿದ ಹಾಗೇ ಇದೆ ಎಂದು ಲೆಂಪಿ ಕಣ್ಣೊರೆಸಿಕೊಂಡಳು. ಅವಳ ತಾಯಿಯೂ ಅದೇ ಅಂಗಡಿಯ ಗಿರಾಕಿ.

ಐಲಿ ಬಾಗಿಲ ಪಕ್ಕದ ಮೇಜಿನಲ್ಲಿ ಕೂತಳು. ಓಯಿವ ತಾನೇ ಬಟಾಣಿ ಸೂಪು ತಂದಿಟ್ಟ. ಇಟ್ಟವನು ಸುಮ್ಮನೆ ಹೋದನೇ? ಚಮಚದಿಂದ ಲೋಟ ಬಡಿದು ಎಲ್ಲರನ್ನೂ ಸುಮ್ಮನಾಗಿಸಿ ಅಪ್ಪನ ಮೇಲೆ ಭಾಷಣ ಶುರುಮಾಡಿದ. ಅಪ್ಪನ ತ್ಯಾಗ, ಅಪ್ಪನ ಮೌನ, ಆ ಮೌನದಿಂದ ತಾನು ಕಲಿತ ಪಾಠ. ಮೌನದ ಬಗ್ಗೆ ಅಷ್ಟು ಹೊತ್ತು ಮಾತಾಡಿದವರನ್ನು ನಾನು ಕಂಡಿಲ್ಲ. ಮಗ ಮಾತಾಡುವಾಗ ತಿನ್ನಬಾರದೆಂದು ಐಲಿ ಕೈಕಟ್ಟಿ ಕೂತಿದ್ದಳು. ಚಪ್ಪಾಳೆ ಮುಗಿದ ಮೇಲೆ ಒಂದು ಚಮಚ ಬಾಯಿಗಿಟ್ಟಳು.

ಓಯಿವ ಅವಳ ಮೇಲೆ ಬಾಗಿದ. "ಅಪ್ಪ ಮಾಡಿದ ಥರ ಇದೆಯಾ ಅಮ್ಮ?"

"ತಣ್ಣಗಾಗಿದೆ ಕಣೋ," ಎಂದಳು ಐಲಿ.

ಅವನು ಬಟ್ಟಲು ಎತ್ತಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದ.