ನನ್ನ ಬೈಗುಳ, ನೆಗೆಣ್ಣಿಯ ಬಹುಮಾನ

ನಮ್ಮ ಮನೆಯಲ್ಲಿ ಒಂದು ರೂಢಿಯಿದೆ. ಬಾಗಿಲಲ್ಲಿ ಹೊರಗಿನವರ ಚಪ್ಪಲಿ ಕಂಡರೆ ಸಾಕು, ಎಲ್ಲರ ಬಾಯಲ್ಲೂ ಮರಾಠಿ ಶುರುವಾಗುತ್ತದೆ. ಬಂದವರು ಕನ್ನಡದವರೇ ಆಗಿರಲಿ, ಚಹಾ ಕುಡಿದು ಕಪ್ಪು ಕೆಳಗಿಡುವವರೆಗೂ ಮರಾಠಿಯೇ. ಆಮೇಲೆ ಅವರ ಊರು ಯಾವುದು, ಬೀಗರು ಯಾರು ಎಂದು ಗೊತ್ತಾಗಿ, ಒಬ್ಬೊಬ್ಬರೇ ಕನ್ನಡಕ್ಕೆ ಇಳಿಯುತ್ತೇವೆ. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮ ಓಣಿಯ ಎಲ್ಲ ಮನೆಗಳದ್ದೂ ಇದೇ ಕಥೆ. ಕನ್ನಡ ಅಡುಗೆಮನೆಯದು, ಜಗಳದ್ದು, ಜ್ವರದಲ್ಲಿ ನರಳುವಾಗಿನದು. ಮರಾಠಿ ಎಂದರೆ ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟ ಸೀರೆ.

ನಾನು ಈ ಮನೆಯ ಹಿರಿಯ ಸೊಸೆ. ಹುಟ್ಟಿದ್ದು ಇಲ್ಲೇ ಹತ್ತಿರದ ಹನ್ನೂರಿನಲ್ಲಿ. ಅಲ್ಲಿ ಸಣ್ಣ ತರಗತಿಗಳನ್ನು ಕನ್ನಡ ಸಾಲಿಯಲ್ಲಿ ಕಲಿತು, ಮುಂದೆ ಅಕ್ಕಲಕೋಟದಲ್ಲಿ ಎಲ್ಲವನ್ನೂ ಮರಾಠಿಯಲ್ಲಿ ಓದಿದೆ. ಕಾಲೇಜಿನಲ್ಲಿ ಮರಾಠಿ ಏಕಾಂಕ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದೆ. ಒಮ್ಮೆ ಒಳ್ಳೆಯ ನಟಿ ಎಂದು ಒಂದು ಕಪ್ಪೂ ಬಂತು. ಅದು ಇವತ್ತಿಗೂ ನಮ್ಮ ಪಡಸಾಲೆಯ ಶೋಕೇಸಿನಲ್ಲಿದೆ. ವಾರಕ್ಕೊಮ್ಮೆ ನಾನೇ ಅದನ್ನು ಒರೆಸುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ. ಈ ಮನೆಯಲ್ಲಿ ನಟಿ ಎಂದರೆ ನಾನು, ಅದರಲ್ಲಿ ಯಾರ ತಕರಾರೂ ಇರಲಿಲ್ಲ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತಡವಳ ಎಂಬ ಹಳ್ಳಿಯವಳು. ವೇದಿಕೆ ಹತ್ತಿದವಳಲ್ಲ, ಹತ್ತಬೇಕೆಂದು ಅಂದುಕೊಂಡವಳೂ ಅಲ್ಲ. ಬಾಯಿ ಮಾತ್ರ ಬಲು ಜೋರು. ಬಂದ ನೆಂಟರು ಹೊರಟು ಹೊಸ್ತಿಲು ದಾಟುವುದೇ ತಡ, ಅವರು ಹೆಂಗೆ ಕೂತರು, ಹೆಂಗೆ ಕೆಮ್ಮಿದರು, ಹೆಂಗೆ ಸಕ್ಕರೆ ಬೇಡ ಬೇಡ ಎನ್ನುತ್ತ ಹಾಕಿಸಿಕೊಂಡರು ಎಂದು ಅಣಕ ಮಾಡಿ ಎಲ್ಲರನ್ನೂ ನಗಿಸುತ್ತಾಳೆ. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಓಣಿಯ ಕೊನೆಯ ಮನೆಯ ಹುಡುಗಿ ಪುಣೆಯಲ್ಲಿ ಸಿನಿಮಾ ಓದಿ ಬಂದಳು. ಒಂದು ಕಿರುಚಿತ್ರ ಮಾಡುತ್ತೇನೆ, ನಮ್ಮ ಸೋಲಾಪುರದಲ್ಲೇ ನಡೆಯುವ ಕಥೆ ಎಂದಳು. ಹಳ್ಳಿಯಿಂದ ಶಹರಕ್ಕೆ ಬಂದಿರುವ ಅತ್ತೆ ಒಂದು ಮುಂಜಾನೆ ಯಾರಿಗೂ ಹೇಳದೆ ಮನೆಯಿಂದ ಹೊರಟುಹೋಗುತ್ತಾಳೆ. ಸೊಸೆ ದಿನವಿಡೀ ಊರೆಲ್ಲ ಹುಡುಕುತ್ತಾಳೆ. ಸಂಜೆಗೆ ಬಸ್‌ ಸ್ಟ್ಯಾಂಡಿನಲ್ಲಿ, ಅಕ್ಕಲಕೋಟದ ಬಸ್ಸು ನಿಲ್ಲುವ ಕಡೆ, ಬೆಂಚಿನ ಮೇಲೆ ಅತ್ತೆ ಸುಮ್ಮನೆ ಕೂತಿರುತ್ತಾಳೆ. ಇಷ್ಟೇ ಕಥೆ. ಸೊಸೆಯ ಪಾತ್ರಕ್ಕೆ ಯಾರು ಎಂದರೆ ಆ ಹುಡುಗಿ ನೆಟ್ಟಗೆ ನಮ್ಮ ಮನೆಗೇ ಬಂದಳು. ಓಣಿಯ ಹುಡುಗರಿಗೆಲ್ಲ ನಾನು ಕಾಕು, ಅಂದರೆ ಚಿಕ್ಕಮ್ಮ. “ಕಾಕು, ನಿಮ್ಮ ಕಪ್ಪು ನಾ ಸಣ್ಣಾಕಿ ಇದ್ದಾಗಿಂದ ನೋಡೀನಿ. ನೀವ ಮಾಡಬೇಕು” ಎಂದಳು. ನನಗೆ ಕಾಲು ನೆಲಕ್ಕೆ ಹತ್ತಲಿಲ್ಲ.

ಮರುದಿನ ಪರೀಕ್ಷೆಗೆಂದು ಕ್ಯಾಮೆರಾ ತಂದರು. ನಾನು ಇಳಕಲ್ಲ ಸೀರೆ ಉಟ್ಟು, ಕಣ್ಣಿಗೆ ಕಾಡಿಗೆ ಹಚ್ಚಿ ಕೂತೆ. ಅತ್ತೆ ಸಿಕ್ಕಾಗ ಏನು ಅನ್ನುತ್ತೀರಿ, ಅಂದು ತೋರಿಸಿ ಎಂದಳು ಆ ಹುಡುಗಿ. ದೀಪ ಹತ್ತಿತು. ಮನೆಗೆ ಯಾರೋ ದೊಡ್ಡವರು ಬಂದು ಎದುರಿಗೆ ಕೂತ ಹಾಗೆ ಆಯಿತು ನನಗೆ. ಬಾಯಿಂದ ಬಂದದ್ದು ಮರಾಠಿ, ಅದೂ ಪುಣೆಯವರು ನಾಚಬೇಕು, ಅಂಥ ಶುದ್ಧ ಮರಾಠಿ. “ಆಈ, ತುಮ್ಹಿ ಕುಠೇ ಗೇಲಾ ಹೋತಾತ?” ಎಂದು, ಎಲ್ಲಿ ಹೋಗಿದ್ದಿರಿ ಅಮ್ಮಾ ಎಂದು, ದನಿ ನಡುಗಿಸಿ ಕೇಳಿದೆ. ಕಣ್ಣಲ್ಲಿ ನೀರೂ ತಂದೆ.

“ಚಲೋ ಆತು ಕಾಕು. ಇನ್ನೊಮ್ಮೆ, ಮನ್ಯಾಗ ಮಾತಾಡಿದಂಗ ಮಾತಾಡ್ರಿ” ಎಂದಳು ಹುಡುಗಿ. ನಾನು ಇನ್ನೂ ಶುದ್ಧವಾಗಿ ಮಾತಾಡಿದೆ. “ಕಾಕು, ಕನ್ನಡದಾಗ ಬೈರಿ, ಖರೇಖರೆ ಬೈರಿ” ಎಂದಳು. ನನಗೆ ಸಿಟ್ಟೇ ಬಂತು. “ಅಯ್ಯ, ಅದು ಮನಿ ಮಾತು! ಕ್ಯಾಮೆರಾ ಮುಂದ ಹೆಂಗ ಮಾತಾಡ್ಲಿ? ನಾಲ್ಕು ಮಂದಿ ನೋಡಿದ್ರ ಏನಂದಾರು?” ಎಂದೆ. ಬಾಯಿ ತೆರೆದರೆ ಮತ್ತೆ ಮರಾಠಿ. ಆ ದೀಪ ಉರಿಯುವಷ್ಟು ಹೊತ್ತೂ ಪಾತ್ರದ ಮಾತು ಕನ್ನಡದಲ್ಲಿ ಹೊರಗೆ ಬರಲೇ ಇಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ನೆಗೆಣ್ಣಿ ಬಂದಳು. ಕೈಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಮೆತ್ತಿತ್ತು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. “ಎಷ್ಟೊತ್ತವಾ ನಿಮ್ದು? ಚಾ ಆರಿ ತಣ್ಣಗಾತು. ಕುಡೀತೀರೋ, ಇಲ್ಲಾ ಮೋರಿಗಿ ಸುರೀಲೋ?” ಎಂದಳು. ಕ್ಯಾಮೆರಾ ಆಗಿನ್ನೂ ಓಡುತ್ತಿತ್ತು. ಹುಡುಗಿ ಸರಕ್ಕನೆ ಅದರ ಮುಖ ಅವಳ ಕಡೆ ತಿರುಗಿಸಿ, “ಸಣ್ಣ ಕಾಕು, ಹಿಂಗ ಕಥ್ಯಾಗಿನ ಅತ್ತೀಗಿ ಬೈದು ತೋರಸ್ರಿ” ಎಂದಳು. ನೆಗೆಣ್ಣಿ ಒಂದು ಚೂರೂ ಅನುಮಾನ ಮಾಡದೆ ಬೈದು ತೋರಿಸಿದಳು. ನನ್ನ ಪಾತ್ರ ನನ್ನ ಕಣ್ಣೆದುರಿಗೇ, ನಾನು ಉಟ್ಟ ಸೀರೆಯ ನೆರಿಗೆ ಕೂಡ ಮುದುಡುವ ಮೊದಲೇ, ಅವಳ ಪಾಲಾಯಿತು.

ಹೊಟ್ಟೆಕಿಚ್ಚು ಎಂದರೆ ಏನು ಎಂದು ಅವತ್ತು ತಿಳಿಯಿತು. ಬರೀ ಮಾತಲ್ಲ ಅದು, ನಿಜಕ್ಕೂ ಹೊಟ್ಟೆಯಲ್ಲೇ ಉರಿಯುತ್ತದೆ. ಶೂಟಿಂಗ್ ನಡೆದಷ್ಟು ದಿನ ಮನೆಯ ರೊಟ್ಟಿ ನಾನೊಬ್ಬಳೇ ಬಡಿದೆ. ಪಾತ್ರಕ್ಕೆ ಮಾಸಿದ ಸೀರೆ ಬೇಕು ಎಂದರು, ಅವಳು ನನ್ನ ಹಳೆಯ ನೂಲಿನ ಸೀರೆ ಉಟ್ಟುಹೋದಳು. ಸಂಜೆ ಬಂದು, “ಅಕ್ಕಾ, ಬಿಸಲಾಗ ನಿಂತು ನಿಂತು ಕಾಲು ಸೇದಾಕತ್ತಾವ” ಎಂದರೆ, ಸೇದಲಿ ಎಂದು ಒಳಗೊಳಗೇ ಅಂದುಕೊಂಡೆ. ಸಿನಿಮಾ ಬಿದ್ದುಹೋಗಲಿ ಎಂದು ದೇವರಿಗೆ ಕೈ ಮುಗಿಯುವುದೊಂದು ಬಾಕಿ ಇತ್ತು.

ಬೀಳಲಿಲ್ಲ. ಪುಣೆಯಲ್ಲಿ ತೋರಿಸಿದರು, ಕಲಕತ್ತೆಯಲ್ಲಿ ತೋರಿಸಿದರು, ಹೊರದೇಶಕ್ಕೂ ಹೋಯಿತು. ಒಂದು ಕಡೆ ಅವಳಿಗೇ ಒಳ್ಳೆಯ ನಟಿ ಎಂದು ಬಹುಮಾನ ಬಂತು. ಮರಾಠಿ ಪೇಪರಿನಲ್ಲಿ ಫೋಟೊ ಹಾಕಿ, ಈ ಹೆಂಗಸಿನ ಆಡುಮಾತು ಮಣ್ಣಿನಿಂದ ಎದ್ದು ಬಂದಂತಿದೆ ಎಂದು ಬರೆದರು. ನನ್ನ ಗಂಡ ಪೇಢೆ ತಂದು ಓಣಿಗೆಲ್ಲ ಹಂಚಿದರು. ತಡವಳದಿಂದ ಅವಳ ಅಣ್ಣತಮ್ಮಂದಿರು ಮೋಟರ್‌ಸೈಕಲ್ ಮೇಲೆ ಹಾರ ಹಿಡಿದು ಬಂದರು. ಅದೆಲ್ಲ ಹೋಗಲಿ ಎಂದರೆ, ಹನ್ನೂರಿನಿಂದ ನನ್ನ ಸ್ವಂತ ಅಣ್ಣ ಫೋನ್ ಮಾಡಿ, ನಾನು ಹಲೋ ಎನ್ನುವುದರೊಳಗೆ “ಆಕೀಗಿ ಕೊಡು, ಆಕೀಗಿ ಕೊಡು” ಎಂದ. ಅವಳ ಬಹುಮಾನವನ್ನು ಶೋಕೇಸಿನಲ್ಲಿ ನನ್ನ ಕಪ್ಪಿನ ಪಕ್ಕದಲ್ಲಿಟ್ಟರು. ಅದು ದೊಡ್ಡದು, ಬಾಗಿಲಿಂದ ನೋಡಿದರೆ ನನ್ನದು ಕಾಣುವುದಿಲ್ಲ.

ಕೊನೆಗೆ ಸೋಲಾಪುರದಲ್ಲೇ ಒಂದು ಸಭಾಗೃಹದಲ್ಲಿ ತೋರಿಸಿದರು. ಮನೆ ಮಂದಿಯೆಲ್ಲ ಹೋದೆವು. ನಾನು ತಪ್ಪು ಹುಡುಕಲೆಂದೇ ಹೋದೆ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಅತ್ತೆ ನನ್ನ ಪಕ್ಕದಲ್ಲಿ ಕೂತಿದ್ದರು. ಪರದೆಯ ಮೇಲೆ ನಮ್ಮ ಓಣಿ, ನಮ್ಮ ಭಾಜಿ ಮಾರುಕಟ್ಟೆ, ಬಿಸಿಲು, ರಿಕ್ಷಾಗಳು, ಅವುಗಳ ನಡುವೆ ನನ್ನ ಸೀರೆಯಲ್ಲಿ ಅವಳು ಓಡಾಡುತ್ತಿದ್ದಳು. ಕೊನೆಗೆ ಬಸ್‌ ಸ್ಟ್ಯಾಂಡು ಬಂತು. ಬೆಂಚಿನ ಮುಂದೆ ನಿಂತು, ಒಂದು ಕೈ ಸೊಂಟಕ್ಕೆ ಇಟ್ಟು ಶುರು ಮಾಡಿದಳು.

“ಹೇಳಿ ಹೋಗಾಕ ಬಾಯಿಗಿ ಬೀಗ ಬಿದ್ದಿತ್ತೇನ್ರಿ? ಹುಡುಕಿ ಹುಡುಕಿ ನನ್ನ ಜೀವ ಅರ್ಧ ಆತು! ಏನರ ಆಗಿದ್ರ ಮಂದಿ ಯಾರ ಮಾರಿಗಿ ಉಗುಳ್ತಿದ್ರು? ನನ್ನ ಮಾರಿಗೇ!” ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬೆಂಚಿನ ಮೇಲೆ ಕುಕ್ಕರಿಸಿ ಕೂತು ಕೇಳಿದಳು: “ಉಂಡೀರೋ ಇಲ್ಲೋ?”

ಸಭಾಗೃಹದಲ್ಲಿ ಮೂಗು ಏರಿಸುವ ಸದ್ದು ಕೇಳಿತು. ಅಷ್ಟರಲ್ಲಿ ನಮ್ಮ ಅತ್ತೆ ಕತ್ತಲಲ್ಲೇ ನನ್ನ ತೊಡೆ ತಟ್ಟಿ, “ಅಯ್ಯ ಶಿವನ! ಈಕಿ ಥೇಟ ನಿನ್ನಂಗ ಬೈತಾಳಲ್ಲ!” ಎಂದರು.

ಹೌದು, ನನ್ನ ಹಾಗೆಯೇ. ಅತ್ತೆ ಮಠದ ಭಜನೆಗೆ ಹೋಗಿ ತಡ ಮಾಡಿ ಬಂದ ಪ್ರತಿ ಸಂಜೆಯೂ ನಾನು ಬಾಗಿಲಲ್ಲಿ ನಿಂತು ಬೈಯುವುದು ಇದೇ ಬೈಗುಳ. ಬೀಗವೂ ನನ್ನದು, ಅರ್ಧ ಜೀವವೂ ನನ್ನದು, ಸೊಂಟದ ಮೇಲಿನ ಕೈಯೂ ನನ್ನದು, ಬೈದು ಮುಗಿದ ಮೇಲೆ ಉಂಡೀರೋ ಇಲ್ಲೋ ಎನ್ನುವುದಂತೂ ನನ್ನದೇ. ನೆಂಟರ ಅಣಕ ಮಾಡುವವಳು ಈ ಸಲ ನನ್ನ ಅಣಕ ಮಾಡಿದ್ದಳು, ಅದಕ್ಕೆ ದೇಶದೇಶದ ಮಂದಿ ಚಪ್ಪಾಳೆ ಹೊಡೆದಿದ್ದರು. ದೀಪ ಹತ್ತಿದ ಮೇಲೆ ಅವಳನ್ನು ವೇದಿಕೆಗೆ ಕರೆದು, ಇಷ್ಟು ಚೆಂದ ಹೇಗೆ ಮಾಡಿದಿರಿ ಎಂದು ಕೇಳಿದರು. “ಏನಿಲ್ರಿ, ಮನ್ಯಾಗ ಮಾತಾಡಿದಂಗ ಮಾತಾಡೀನಿ” ಎಂದಳು. ಮನೆಯಲ್ಲಿ ಯಾರು ಮಾತಾಡಿದ ಹಾಗೆ ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ಹೊರಗೆ ಬರುವಾಗ ಗದ್ದಲದಲ್ಲಿ ಅತ್ತೆ ಕಾಣಲಿಲ್ಲ. ಅತ್ತ ಇತ್ತ ಹುಡುಕಿದೆ. ನೋಡಿದರೆ ಮೆಟ್ಟಿಲ ಹತ್ತಿರ ಯಾರೋ ಪರಿಚಯದವರ ಜೊತೆ ಹರಟುತ್ತ ನಿಂತಿದ್ದಾರೆ. “ಹೇಳಿ ಹೋಗಾಕ ಬಾಯಿಗಿ ಬೀಗ ಬಿದ್ದಿತ್ತೇನ್ರಿ?” ಎಂದು ಕೂಗಿಯೇಬಿಟ್ಟೆ, ಸೊಂಟಕ್ಕೆ ಕೈ ಇಟ್ಟು. ಸುತ್ತಲಿನವರು ಗೊಳ್ಳೆಂದು ನಕ್ಕರು, ಒಬ್ಬಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಹಿಂದಿದ್ದ ಒಬ್ಬ ಹೆಂಗಸು ತನ್ನ ಗೆಳತಿಗೆ, “ಪಿಚ್ಚರದಾಗಿನ ಆಕೀಗತೆ ಮಾಡಾಕ ಹೋಗ್ಯಾಳ ನೋಡ. ಚಲೋ ಮಾಡ್ತಾಳ, ಆದ್ರ ಆಕೀ ಅಷ್ಟು ಬರಂಗಿಲ್ಲ” ಎಂದಳು.

ಇದು ನನ್ನ ಬಾಯಿ, ಅವಳದ್ದೇ ನಕಲು ಎಂದು ಬೀದಿಯಲ್ಲಿ ನಿಂತು ಸಾರಲೇ? ರಿಕ್ಷಾದಲ್ಲಿ ನೆಗೆಣ್ಣಿ ನನ್ನ ಕೈ ಹಿಡಿದು, “ಅಕ್ಕಾ, ಸಿಟ್ಟಾಗೀರೇನು?” ಎಂದಳು. “ನನಗ್ಯಾಕ ಸಿಟ್ಟು?” ಎಂದೆ. ಇದೆಲ್ಲವನ್ನೂ ಈಗ ಕೂತು ಬರೆಯುತ್ತಿರುವುದೂ ಆ ಸಿಟ್ಟಿನಿಂದಲೇ. ನಮ್ಮ ಮನೆಯ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಸಿನಿಮಾ ನೋಡಿ ಬಂದ ಮರುದಿನ ಅತ್ತೆ ಭಜನೆಗೆ ಹೋದವರು ಎಂದಿನಂತೆ ತಡ ಮಾಡಿದರು. ದೀಪ ಹಚ್ಚುವ ಹೊತ್ತು ಮೀರಿತು. ಗೇಟಿನ ಸದ್ದಾದಾಗ ನಾನು ಎಂದಿನಂತೆ ಬಾಗಿಲಿಗೆ ಹೋದೆ, ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಹಿಂದೆ ಮಕ್ಕಳು ಕಿಸಕ್ಕೆಂದರು. “ದೊಡ್ಡವ್ವ ಸಿನಿಮಾ ಡೈಲಾಗ್ ಹೊಡೀತಾಳ ಈಗ, ಥಾಂಬಾ ಥಾಂಬಾ!” ಎಂದು ಉಳಿದವರನ್ನು ತಡೆದು ಒಬ್ಬ ಮೊಬೈಲ್ ಹಿಡಿದು ನಿಂತ. ಅಡುಗೆಮನೆಯ ಬಾಗಿಲಲ್ಲಿ ನೆಗೆಣ್ಣಿ ಲಟ್ಟಣಿಗೆ ಹಿಡಿದು ನಿಂತು ನಗು ತಡೆದುಕೊಳ್ಳುತ್ತಿದ್ದಳು. ಬೀಗ ಎನ್ನುವ ಮಾತು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಸೊಂಟದ ಕೈ ಕೆಳಗಿಳಿಸಿದೆ.

“ಜೇವಲಾತ ಕಾ?” ಎಂದೆ. ಊಟ ಆಯಿತೇ ಎಂದು, ಮರಾಠಿಯಲ್ಲಿ.

ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಬಿಡುತ್ತಿದ್ದ ಅತ್ತೆ ತಟ್ಟನೆ ನಿಂತರು. ನನ್ನ ಹೆಗಲ ಮೇಲಿಂದ ಪಡಸಾಲೆಯ ಕಡೆ ಇಣುಕಿದರು. ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದರು:

“ಯಾರ್ ಬಂದಾರವ್ವ ಒಳಗ?”