ಗಾಳಿಗೆ ಮೂಗುದಾರ

ಸುಟ್ಟ ಮೋಟಾರೊಂದನ್ನು ಅಂಗಡಿಯ ಮುಂದೆ ಇಳಿಸಿದರೆ ಸುರುಳಿಯಕ್ಕ ಮೊದಲು ಅದನ್ನು ಮೂಸಿ ನೋಡುತ್ತಾಳೆ. ಮೀಟರು, ಸ್ಕ್ರೂಡ್ರೈವರು ಎಲ್ಲ ಆಮೇಲೆ. ಮೂಸಿದ ಮೇಲೆ ತಂದವರ ಮುಖ ನೋಡಿ, ನೀರಿಲ್ಲದೆ ಓಡಿಸಿದಿರಾ ಎಂದು ಕೇಳುತ್ತಾಳೆ. ಅವರು ಇಲ್ಲವೇ ಇಲ್ಲ ಎನ್ನುತ್ತಾರೆ. ಮೋಟಾರು ಸುಳ್ಳು ಹೇಳುವುದಿಲ್ಲವಾದ್ದರಿಂದ ಆಕೆ ವಾದಕ್ಕೆ ಇಳಿಯುವುದಿಲ್ಲ. ನಾಲ್ಕು ದಿನ ಬಿಟ್ಟು ಬನ್ನಿ ಎಂದು ಕಳಿಸುತ್ತಾಳೆ.

ಇಪ್ಪತ್ತಾರು ವರ್ಷಗಳಿಂದ ತಾಮ್ರದ ತಂತಿಯನ್ನು ಸುರುಳಿ ಸುತ್ತಿ ಸತ್ತ ಮೋಟಾರುಗಳನ್ನು ಎಬ್ಬಿಸುವುದೇ ಆಕೆಯ ಕಸುಬು. ಹೆತ್ತವರಿಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು. ಮನೆಯ ಮುಂಭಾಗವೇ ಅಂಗಡಿ, ನಡುವೆ ಒಂದು ಪರದೆ. ಪರದೆಯ ಈಚೆ ಮೋಟಾರು, ಆಚೆ ಗಂಡನ ಹೊಲಿಗೆ ಯಂತ್ರ. ಹೊಸ ಪ್ಯಾಂಟಿಗೆ ಗ್ರೀಸು ಹತ್ತಿದೆ ಎಂದು ಗಿರಾಕಿಗಳು ದೂರುವುದೂ, ಅದು ಗ್ರೀಸಲ್ಲ ಈಗಿನ ಡಿಸೈನು ಎಂದು ಟೈಲರು ಸಮಾಧಾನ ಹೇಳುವುದೂ ಆ ಬೀದಿಗೆ ಹಳೆಯ ಸಂಗತಿ.

ಟೈಲರು ಒಳ್ಳೆಯ ಕಸುಬುಗಾರ. ಆದರೆ ಎರಡು ವರ್ಷಗಳಿಂದ ಹಗಲು ಹೊತ್ತಿನಲ್ಲೇ ತೂಕಡಿಸಲು ಶುರು ಮಾಡಿದ್ದ. ಒಮ್ಮೆ ಗಿರಾಕಿಯ ಪ್ಯಾಂಟಿನ ಜೊತೆ ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದು, ಎದ್ದು ಹೋಗಲಾರದೆ ಹೆಂಡತಿಯನ್ನು ಕೂಗಿದ. ಊರು ಬಿದ್ದು ಬಿದ್ದು ನಕ್ಕಿತು. ಸುರುಳಿಯಕ್ಕ ನಗಲಿಲ್ಲ. ಆತ ರಾತ್ರಿ ಹೊಡೆಯುವ ಗೊರಕೆ ಮೂರು ಮನೆಯಾಚೆಗೂ ಕೇಳುತ್ತಿತ್ತು ನಿಜ, ಆದರೆ ಗೊರಕೆ ಕೇಳುತ್ತಿರುವಷ್ಟು ಹೊತ್ತು ಆಕೆಗೆ ಚಿಂತೆಯಿರಲಿಲ್ಲ. ಅದು ನಿಂತಾಗಲೇ ಚಿಂತೆ. ಉಸಿರೇ ನಿಂತುಬಿಡುತ್ತಿತ್ತು. ಆಕೆ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಇಪ್ಪತ್ತು ದಾಟಿದರೆ ಮೊಣಕೈಯಿಂದ ತಿವಿಯುತ್ತಿದ್ದಳು. ಹೀಗೆ ಗಂಡ ಮಲಗಿ ನಿದ್ದೆಗೆಟ್ಟ, ಹೆಂಡತಿ ಎದ್ದು ಕೂತು ನಿದ್ದೆಗೆಟ್ಟಳು.

ದೊಡ್ಡ ಆಸ್ಪತ್ರೆಯ ಡಾಕ್ಟರು ಆತನ ಮೈಗೆಲ್ಲ ತಂತಿ ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಗಂಟೆಗೆ ನಲವತ್ತು ಸಲ ಉಸಿರು ನಿಲ್ಲುತ್ತಿದೆ, ಹೀಗೇ ಬಿಟ್ಟರೆ ಹೃದಯ ಎಷ್ಟು ದಿನ ತಡೆಯುತ್ತದೋ ಹೇಳಲಾಗದು ಎಂದರು. ಮೂಗಿಗೆ ಮುಚ್ಚಳ ಹಾಕಿ ಗಾಳಿ ಒತ್ತುವ ಪುಟ್ಟ ಯಂತ್ರವೊಂದನ್ನು ಕೊಟ್ಟು, ದಿನವೂ ರಾತ್ರಿಯಿಡೀ ಇದು ಓಡಬೇಕು, ನಡುವೆ ನಿಲ್ಲಕೂಡದು ಎಂದು ಹೇಳಿ ಕಳಿಸಿದರು.

ಡಾಕ್ಟರಿಗೆ ಹೇಳುವುದು ಸುಲಭ. ಊರು ಇದ್ದದ್ದು ಎರಡು ಬೆಟ್ಟಗಳ ನಡುವಿನ ಸಂದಿಯ ಬಾಯಲ್ಲಿ. ವರ್ಷದಲ್ಲಿ ನಾಲ್ಕು ತಿಂಗಳು ಅಲ್ಲಿ ಬೀಸುವ ಗಾಳಿಗೆ ಮರಗಳು ತಂತಿಯ ಮೇಲೆ ಬೀಳುತ್ತವೆ, ಕರೆಂಟು ಹೋಗುತ್ತದೆ, ಹೋದದ್ದು ನೆಂಟರ ಮನೆಗೆ ಹೋದ ಹಾಗೆ ಮೂರು ದಿನ ಬರುವುದಿಲ್ಲ. ಆ ದಿನಗಳಲ್ಲಿ ಮೋಡವೂ ಕವಿದಿರುವುದರಿಂದ ಸೋಲಾರ್ ಫಲಕವನ್ನೂ ನಂಬುವ ಹಾಗಿಲ್ಲ. ಸುರುಳಿಯಕ್ಕ ಒಂದು ವಾರ ಯೋಚಿಸಿ, ಕರೆಂಟನ್ನು ಕಸಿಯುವ ಗಾಳಿಯೇ ಕರೆಂಟನ್ನು ತಂದುಕೊಡಲಿ ಎಂದು, ರೆಕ್ಕೆ ತಿರುಗಿ ಕರೆಂಟು ಹುಟ್ಟಿಸುವ ಗಾಳಿಯಂತ್ರ ಕಟ್ಟಲು ತೀರ್ಮಾನಿಸಿದಳು.

ಸುದ್ದಿ ಮೊದಲು ಮುಟ್ಟಿದ್ದು ಪಕ್ಕದ ಮನೆಯಲ್ಲಿದ್ದ ಭಾವನಿಗೆ. ಟೈಲರನ ಅಣ್ಣ ಆತ. ಕರೆಂಟಿನ ಆಫೀಸಿನಲ್ಲಿ ಮೂವತ್ತೆರಡು ವರ್ಷ ಇದ್ದು ನಿವೃತ್ತನಾದವನು. ಮಾಡಿದ್ದು ಮೀಟರು ಓದುವ ಕೆಲಸವಾದರೂ, ಮಾತು ಕೇಳಿದವರಿಗೆ ಕರೆಂಟನ್ನು ಕಂಡುಹಿಡಿದಾಗ ಇವನೂ ಕೈಜೋಡಿಸಿದ್ದನೇನೋ ಅನ್ನಿಸುತ್ತಿತ್ತು. ಗಾಳಿಯಂತ್ರವನ್ನು ತಾರಸಿಯ ಮೇಲೆ ಕೂರಿಸಬೇಕು, ಬೀದಿಯವರಿಗೆಲ್ಲ ಕಾಣಬೇಕು ಎಂದು ಆತ ಅಪ್ಪಣೆ ಕೊಡಿಸಿದ. ಸುರುಳಿಯಕ್ಕ "ಆಗಲಿ ಭಾವ" ಎಂದಳು. ಆಕೆ ಆಗಲಿ ಎಂದರೆ ಆಗುವುದಿಲ್ಲ ಎಂದರ್ಥ. ಅದು ಬೀದಿಗೆಲ್ಲ ಗೊತ್ತಿತ್ತು, ಭಾವನಿಗೆ ಮಾತ್ರ ಗೊತ್ತಿರಲಿಲ್ಲ.

ತಾರಸಿಯ ಮೇಲೆ ಕೂರಿಸಿದರೆ ಗೋಡೆಗಳೆಲ್ಲ ಗುಂಯ್‌ಗುಡುತ್ತವೆ, ಗಾಳಿಯೂ ಮನೆಗಳಿಗೆ ಬಡಿದು ಸುಳಿ ತಿರುಗುತ್ತದೆ. ಹಾಗಾಗಿ ಆಕೆ ಹಿತ್ತಲಿನಾಚೆಯ ಬಯಲಿನಲ್ಲಿ ಜಾಗ ನೋಡಿದಳು. ನಲವತ್ತು ಅಡಿಯ ಕಬ್ಬಿಣದ ಕೊಳವೆ, ನಾಲ್ಕು ದಿಕ್ಕಿಗೆ ಎಳೆದು ಕಟ್ಟುವ ಉಕ್ಕಿನ ಹಗ್ಗ, ಒಂದೊಂದು ಹಗ್ಗಕ್ಕೂ ನೆಲದಲ್ಲಿ ಹೂತ ಕಾಂಕ್ರೀಟಿನ ಗುಂಡು. ಕೊಳವೆಯ ಬುಡಕ್ಕೆ ಬಾಗಿಲಿನ ಹಾಗೆ ಕೀಲು ಇಟ್ಟಿದ್ದಳು. ಕೈಯಿಂದ ತಿರುಗಿಸುವ ರಾಟೆಯಿಂದ ಇಡೀ ಕಂಬವನ್ನು ಮಲಗಿಸಬಹುದಿತ್ತು, ಎಬ್ಬಿಸಬಹುದಿತ್ತು. ಕಂಬವನ್ನು ಯಾರೂ ಹತ್ತಕೂಡದು, ಕಂಬವೇ ಇಳಿದು ಬರಬೇಕು ಎಂಬುದು ಆಕೆಯ ನಿಯಮ. ಎಬ್ಬಿಸುವ ದಿನ, ಕಂಬ ಬಿದ್ದರೆ ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಗೆ ಸುಣ್ಣದ ಗೆರೆ ಎಳೆದು ನೋಡಲು ಬಂದವರನ್ನೆಲ್ಲ ಆಚೆ ನಿಲ್ಲಿಸಿದಳು. ಭಾವ ಮಾತ್ರ ಗೆರೆಯೊಳಗೆ ಕುರ್ಚಿ ಹಾಕಿಸಿಕೊಂಡಿದ್ದ. ಕುರ್ಚಿಯನ್ನು ಎತ್ತಿ ಆಚೆ ಇಟ್ಟಳು. ಆತ ಕುರ್ಚಿಯ ಹಿಂದೆಯೇ ಹೋಗಬೇಕಾಯಿತು.

ಯಂತ್ರದ ಒಡಲು ಹಳೆಯ ಮೋಟಾರಿನದು. ಅಯಸ್ಕಾಂತಗಳನ್ನು ತರಿಸಿ ಒಳಗೆ ಕೂರಿಸಿದಳು, ಸುರುಳಿಗಳನ್ನು ಹನ್ನೊಂದು ದಿನ ಕೂತು ಹೊಸದಾಗಿ ಸುತ್ತಿದಳು. ಕೆಳಗೆ, ಗಾಳಿಯಾಡುವ ಪೆಟ್ಟಿಗೆಯೊಂದರಲ್ಲಿ ಎರಡು ಬ್ಯಾಟರಿ, ಅವನ್ನು ಗಾಳಿಯಂತ್ರಕ್ಕೆ ಕೂಡಿಸುವ ಮೇನ್ ಸ್ವಿಚ್ಚು. ಬ್ಯಾಟರಿ ಎರಡೂ ತುಂಬಿದ್ದರೆ ಟೈಲರನ ಉಸಿರಿನ ಯಂತ್ರಕ್ಕೆ ಎರಡು ರಾತ್ರಿ ಸಾಕು. ಬ್ಯಾಟರಿ ತುಂಬಿದ ಮೇಲೂ ಗಾಳಿ ಬೀಸುತ್ತಿದ್ದರೆ ಹೆಚ್ಚಿನ ಕರೆಂಟನ್ನು ಸುಟ್ಟು ಹಾಕಲು ಗೋಡೆಗೆ ಕರೆಂಟು ಒಲೆಯ ಕಾಯಿಲಿನಂಥ ಒಂದು ಕಾಯಿಲು. ಪಕ್ಕದಲ್ಲಿ ಬ್ರೇಕಿನ ಸ್ವಿಚ್ಚು: ಅದನ್ನು ಹಾಕಿದರೆ ಮೇಲಿನಿಂದ ಬರುವ ಮೂರು ತಂತಿಗಳೂ ಒಂದಕ್ಕೊಂದು ಕೂಡಿಕೊಂಡು, ಯಂತ್ರ ತನ್ನ ಬಲಕ್ಕೆ ತಾನೇ ಸಿಕ್ಕಿ ನಿಂತುಬಿಡುತ್ತದೆ. ಪೆಟ್ಟಿಗೆಯ ಬಾಗಿಲ ಮೇಲೆ ಬಣ್ಣದಲ್ಲಿ ದಪ್ಪಕ್ಷರ: ಶುರು ಮಾಡುವಾಗ ಮೊದಲು ಬ್ಯಾಟರಿ, ಕೊನೆಗೆ ಗಾಳಿ, ನಿಲ್ಲಿಸುವಾಗ ಮೊದಲು ಬ್ರೇಕು, ಆಮೇಲೆ ಬ್ಯಾಟರಿ. ಭಾವ ಅದನ್ನು ಓದಲಿಲ್ಲ. ಜೀವಮಾನವೆಲ್ಲ ಎಚ್ಚರಿಕೆಯ ಬೋರ್ಡು ತಗುಲಿಸಿದವರಿಗೆ ಬೋರ್ಡು ಓದುವ ಅಭ್ಯಾಸ ಇರುವುದಿಲ್ಲ.

ಒಂದು ತಿಂಗಳು ಎಲ್ಲ ನೆಟ್ಟಗೆ ನಡೆಯಿತು. ಟೈಲರು ಹಗಲು ಎಚ್ಚರವಾಗಿರತೊಡಗಿದ, ಹೊಲಿಗೆ ನೇರವಾಯಿತು. ಆದರೂ ಸುರುಳಿಯಕ್ಕನ ಕಿವಿ ಮಲಗಲಿಲ್ಲ. ಯಂತ್ರ ನಿಂತರೆ ಎಂದು ರಾತ್ರಿ ಎರಡು ಮೂರು ಸಲ ಎದ್ದು ನೋಡುತ್ತಿದ್ದಳು.

ಆಮೇಲೆ ದೊಡ್ಡ ಗಾಳಿ ಬಂತು. ಬೆಳಿಗ್ಗೆಯೇ ಎಲ್ಲೋ ಮರ ಬಿದ್ದು ಊರಿನ ಕರೆಂಟು ಹೋಯಿತು. ಗಿರಣಿಯವನು ಕರೆದನೆಂದು ಸುರುಳಿಯಕ್ಕ ಬೀದಿಯ ಕೊನೆಗೆ ಹೋಗಿ ಅವನ ಮೋಟಾರನ್ನು ಬಿಚ್ಚುತ್ತ ಕೂತಿದ್ದಳು. ಮಧ್ಯಾಹ್ನ ಮೂರರ ಸುಮಾರಿಗೆ ತನ್ನ ಗಾಳಿಯಂತ್ರದ ಸದ್ದು ಕೇಳಿಸಿತು. ಅಲ್ಲಿಗೆ ಅದು ಕೇಳಬಾರದು. ಹೊರೆ ಹೊತ್ತ ಯಂತ್ರ ಮುಲುಗುತ್ತದೆ; ಇದು ಕಿರುಚುತ್ತಿತ್ತು. ಕೈಲಿದ್ದ ನಟ್ಟನ್ನು ಗಿರಣಿಯವನ ಅಂಗೈಗೆ ಹಾಕಿ ಹೊರಟಳು.

ಬಯಲಿನಲ್ಲಿ ರೆಕ್ಕೆಗಳು ಕಾಣುತ್ತಿರಲಿಲ್ಲ, ಬೂದು ಬಣ್ಣದ ಒಂದು ತಟ್ಟೆ ಮಾತ್ರ ಕಾಣುತ್ತಿತ್ತು. ಕಂಬ ನಡುಗುತ್ತಿತ್ತು. ಕೆಳಗೆ ಪೆಟ್ಟಿಗೆಯ ಮುಂದೆ ಭಾವ, ಅವನ ಹಿಂದೆ ಟೈಲರು.

"ಏನು ಮುಟ್ಟಿದ್ರಿ ಭಾವ?"

"ಮುಟ್ಟೋದೇನು, ಮೇನ್ ತೆಗೆದೆ. ಆ ಕಾಯಿಲು ಕೆಂಡ ಆಗಿತ್ತಮ್ಮ. ಬೆಂಕಿ ಹತ್ತೋ ಮುಂಚೆ ಮೇನ್ ತೆಗೀಬೇಕು, ಯಾರನ್ನ ಬೇಕಾದ್ರೂ ಕೇಳು."

ಆತ ಹೇಳಿದ್ದು ಸುಳ್ಳಲ್ಲ. ಊರಿನ ಕರೆಂಟಿಗೆ ಅದೇ ಮೊದಲ ಪಾಠ: ಅಪಾಯವೆಂದರೆ ಮೊದಲು ಮೇನ್. ಬ್ಯಾಟರಿ ತುಂಬಿ ಹೆಚ್ಚಾದ ಕರೆಂಟು ಸುಡುತ್ತಿದ್ದುದರಿಂದ ಕಾಯಿಲು ಕೆಂಪಾಗಿತ್ತು. ಅದು ಕೆಂಪಾಗುವುದಕ್ಕೇ ಇದ್ದದ್ದು. ಭಾವ ಮೂವತ್ತೆರಡು ವರ್ಷ ಕಲಿತದ್ದನ್ನು ಚಾಚೂ ತಪ್ಪದೆ ಮಾಡಿದ್ದ.

"ಲೈನಿನ ಕರೆಂಟಿಗೆ ಅದು ಸರಿ," ಎಂದಳು ಸುರುಳಿಯಕ್ಕ. "ಇದಕ್ಕೆ ಬ್ಯಾಟರೀನೇ ಮೂಗುದಾರ. ನೀವು ಮೂಗುದಾರ ಬಿಚ್ಚಿ ಗೂಳೀನ ಬೀದಿಗೆ ಬಿಟ್ಟಿದೀರಿ."

ಭಾವ ಸರಕ್ಕನೆ ಮೇನಿಗೆ ಕೈ ಹಾಕಹೋದ. ಆಕೆ ಆ ಕೈ ಹಿಡಿದುಕೊಂಡಳು. ಆ ವೇಗದಲ್ಲಿ ಹುಟ್ಟುತ್ತಿರುವ ಕರೆಂಟು ಒಮ್ಮೆಲೇ ನುಗ್ಗಿದರೆ ಬ್ಯಾಟರಿಯೂ ಹೋಗುತ್ತದೆ, ಮುಂದಿರುವವನ ಮುಖವೂ ಹೋಗುತ್ತದೆ. ಇಬ್ಬರನ್ನೂ ಸುಣ್ಣದ ಗೆರೆಯಾಚೆ ಹೋಗಿ ಎಂದಳು. ಟೈಲರು ಕದಲಲಿಲ್ಲ.

"ನೀನು?" ಎಂದ.

"ನಾನು ಸ್ವಿಚ್ಚು ಹಾಕಿ ಬರ್ತೀನಿ. ರಾತ್ರಿ ನಿಮಗೆ ಉಸಿರು ಬೇಕು, ಸುಮ್ಮನೆ ಹೋಗಿ ನಿಂತ್ಕೊಳ್ರೀ."

ಬ್ರೇಕಿನ ಸ್ವಿಚ್ಚಿನ ಮೇಲೆ ಕೈಯಿಟ್ಟು ಆಕೆ ಹಾಕದೆ ನಿಂತಳು. ಈ ಓಟದಲ್ಲಿ ಹಾಕಿದರೆ ಯಂತ್ರ ನಿಲ್ಲುವುದಿಲ್ಲ, ಸುರುಳಿಗಳೆಲ್ಲ ಸುಡುತ್ತವೆ, ಆಮೇಲೆ ಅದನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಎಂಥ ಗಾಳಿಯೂ ಬೀಸಿ ಬೀಸಿ ಒಂದು ಗಳಿಗೆ ತಡೆಯುತ್ತದೆ. ಎರಡು ವರ್ಷ ಕತ್ತಲಲ್ಲಿ ಕೂತು ಗಂಡನ ಉಸಿರು ತಡೆಯುವುದನ್ನು ಕೇಳಿದ ಕಿವಿ ಅದು. ತಡೆಯುವ ಮುಂಚಿನ ಸದ್ದು ಹೇಗಿರುತ್ತದೆಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ತಡೆಯದಿರಲಿ ಎಂದು ಕಾಯುತ್ತಿದ್ದಳು, ಇಲ್ಲಿ ತಡೆಯಲಿ ಎಂದು ಕಾದಳು. ಎರಡು ಸಲ ಗಾಳಿ ತಗ್ಗಿದ ಹಾಗೆ ಮಾಡಿ ಮತ್ತೆ ಏರಿತು, ಆಕೆ ನಂಬಲಿಲ್ಲ. ಮೂರನೆಯ ಸಲ ಕಿರುಚು ಇಳಿದು ಊಳಾಯಿತು, ಊಳು ಇಳಿದು ಗುನುಗಾಯಿತು. ಸ್ವಿಚ್ಚು ಹಾಕಿದಳು. ಮೇಲೆ ಒಮ್ಮೆ ಗರ್ರೆಂದು ನರಳಿದ ಯಂತ್ರ ನಿಧಾನವಾಯಿತು, ಮೂರು ರೆಕ್ಕೆ ಬಿಡಿಬಿಡಿಯಾಗಿ ಕಂಡವು, ಆಮೇಲೆ ಮುದುಕರು ಹೊರಳುವ ಹಾಗೆ ಅತ್ತಿತ್ತ ಅಲುಗುತ್ತ ನಿಂತಿತು.

ಮರುದಿನ ಬೆಳಿಗ್ಗೆ ಗಾಳಿ ತಗ್ಗಿದ ಮೇಲೆ ಕಂಬ ಮಲಗಿಸಿ ಬಿಚ್ಚಿ ಮೂಸಿದಳು. ಎರಡು ಸುರುಳಿ ಕಮರಿದ್ದವು. ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಡಯೋಡು ಹೋಗಿತ್ತು. ಡಯೋಡು ಡಬ್ಬಿಯಲ್ಲಿತ್ತು. ಸುರುಳಿಯನ್ನು ಸುತ್ತಲೇಬೇಕು. ಬ್ಯಾಟರಿಯಲ್ಲಿದ್ದದ್ದು ಎರಡು ರಾತ್ರಿಯದು, ಒಂದು ಆಗಲೇ ಕಳೆದಿತ್ತು. ಊರಿನ ಕರೆಂಟು ಎಂದು ಬರುತ್ತದೆ ಎಂದು ಭಾವ ತನ್ನ ಹಳೆಯ ಆಫೀಸಿಗೆ ಫೋನು ಮಾಡಿ, ತಾನು ಯಾರೆಂದು ಐದು ನಿಮಿಷ ವಿವರಿಸಿದ. ಅವರು ಗೊತ್ತಿಲ್ಲ ಎಂದರು. ಯಾವುದು ಗೊತ್ತಿಲ್ಲ ಎಂದು ಆತ ಕೇಳಲಿಲ್ಲ.

ಫೋನು ಇಟ್ಟವನು ನೇರ ಅಂಗಡಿಗೆ ಬಂದು ಕೂತ. ಆಕೆ ತಂತಿಯ ಉರುಳೆಯನ್ನು ಅವನ ಕೈಗೆ ಕೊಟ್ಟು, ಸುತ್ತು ಎಣಿಸಿ ಎಂದಳು. ಐವತ್ತೆರಡರ ಹತ್ತಿರ ಬಂದಾಗ ಭಾವನಿಗೆ ತನ್ನ ಸರ್ವೀಸಿನ ಕತೆಯೊಂದು ನೆನಪಾಗಿ ಎಣಿಕೆ ತಪ್ಪಿತು. ಆಕೆ ಪೂರ್ತಿ ಬಿಚ್ಚಿ ಒಂದರಿಂದ ಶುರು ಮಾಡಿದಳು. ಎರಡನೆಯ ಸಲ ಆತ ಬಾಯಿ ತೆರೆದದ್ದು ಅಂಕಿಗಳಿಗೆ ಮಾತ್ರ. ಪರದೆಯಾಚೆಯಿಂದ ಟೈಲರು, ಅಣ್ಣ ಮಾತಾಡದೆ ಕೂತದ್ದನ್ನು ಡಾಕ್ಟರಿಗೆ ತೋರಿಸೋಣವೇ ಎಂದ.

ಸುತ್ತಿದ ಮೇಲೆ ವಾರ್ನಿಷ್ ಹಾಕಿ ಒಣಗಿಸಬೇಕು, ಒಣಗಿಸುವ ಬಲ್ಬಿಗೆ ಕರೆಂಟಿಲ್ಲ. ಭಾವನೇ ಯಂತ್ರದ ಒಡಲನ್ನು ಎದೆಗೆ ಅವುಚಿಕೊಂಡು ಬೇಕರಿಗೆ ಒಯ್ದ. ಬ್ರೆಡ್ಡು ತೆಗೆದ ಮೇಲೆ ಕಟ್ಟಿಗೆಯ ಒಲೆಯಲ್ಲಿ ಉಳಿದ ಹದವಾದ ಬಿಸಿಯಲ್ಲಿ ಅದನ್ನು ಇಟ್ಟು, ರಾತ್ರಿ ಎಷ್ಟು ಹೊತ್ತಾದರೂ ಬೇಕರಿಯ ಬೆಂಚು ಬಿಟ್ಟು ಏಳಲಿಲ್ಲವಂತೆ. ಮಾರನೆಯ ದಿನದ ಬನ್ನಿನಲ್ಲಿ ವಾರ್ನಿಷ್ ವಾಸನೆ ಇತ್ತೆಂದು ಬೇಕರಿಯವನು ಇಂದಿಗೂ ಹೇಳುತ್ತಾನೆ.

ಮೂರನೆಯ ದಿನ ಸಂಜೆಯ ಹೊತ್ತಿಗೆ ಬ್ಯಾಟರಿ ಮೀಟರಿನ ಮುಳ್ಳು ತಳಕ್ಕೆ ಬಂದಿತ್ತು. ಬೆಟ್ಟದ ಮೇಲೆ ಮತ್ತೆ ಮೋಡ ಕಟ್ಟುತ್ತಿತ್ತು; ಗಾಳಿ ಬರುವ ಮೊದಲು ಕಂಬ ನಿಲ್ಲಬೇಕು, ನಿಂತ ಮೇಲೆ ಗಾಳಿ ಬರಬೇಕು. ರಾಟೆಗೆ ಟೈಲರು, ಹಗ್ಗಕ್ಕೆ ಗಿರಣಿಯವನು. ಕಂಬ ಎದ್ದು ನಿಂತು, ಹಗ್ಗಗಳೆಲ್ಲ ಬಿಗಿಯಾದ ಮೇಲೆ ಸುರುಳಿಯಕ್ಕ ಪೆಟ್ಟಿಗೆಯ ಹತ್ತಿರ ಬಂದಾಗ ಭಾವ ಅಲ್ಲಿ ನಿಂತು ಬಾಗಿಲ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ಓದುತ್ತಿದ್ದ.

"ಮೊದಲು ಬ್ಯಾಟರಿ," ಎಂದ. "ಆಮೇಲೆ ಬ್ರೇಕ್ ಬಿಡೋದು." ಅಕ್ಷರಗಳಿಂದ ಬೆರಳು ತೆಗೆದು, "ನಮ್ಮ ಆಫೀಸಲ್ಲಿ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲಮ್ಮ," ಎಂದ.

"ನನಗೂ ಯಾರೂ ಹೇಳಿಕೊಡಲಿಲ್ಲ ಭಾವ. ಮೊದಲು ಸುತ್ತಿದ ಸುರುಳೀನ ನಾನೇ ಹೀಗೆ ಸುಟ್ಟೆ. ಆಮೇಲೇ ಆ ಬೋರ್ಡು ಬರೆದದ್ದು. ಹಾಕಿ ನೀವೇ."

ಭಾವ ಮೇನ್ ಹಾಕಿದ. ಆಕೆ ಬ್ರೇಕು ಬಿಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ರೆಕ್ಕೆಗಳು ಮನಸ್ಸಿಲ್ಲದವರ ಹಾಗೆ ಅರ್ಧ ಸುತ್ತು ಸುತ್ತಿ, ಇನ್ನರ್ಧ ಸುತ್ತಿ, ಬೆಟ್ಟದ ಸಂದಿಯಿಂದ ಗಾಳಿ ಇಳಿದು ಬಂದದ್ದೇ ಮುಲುಗಲು ಶುರು ಮಾಡಿದವು. ಮುಳ್ಳು ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಪೆಟ್ಟಿಗೆ ಕಾಣುವ ಹಾಗೆ ತಾನು ಕೂರುತ್ತೇನೆ, ಬೋರ್ಡು ಬಾಯಿಪಾಠವಾಗಿದೆ, ಏನನ್ನೂ ಮುಟ್ಟುವುದಿಲ್ಲ, ಏನಾದರೂ ಆದರೆ ಎಬ್ಬಿಸುತ್ತೇನೆ ಎಂದು ಭಾವ ಕುರ್ಚಿ ತರಿಸಿದ. ಕುರ್ಚಿ ಗೆರೆಯಾಚೆಯೇ ಇತ್ತು. ಸುರುಳಿಯಕ್ಕ ಆತನನ್ನು ಒಂದು ಸಲ, ಕುರ್ಚಿಯನ್ನು ಒಂದು ಸಲ ನೋಡಿ, ಒಳಗೆ ಹೋಗಿ ಮಲಗಿದಳು.

ಮರುದಿನ ಗಿರಣಿಯವನು ಅರ್ಧಕ್ಕೇ ನಿಂತ ತನ್ನ ಮೋಟಾರಿಗಾಗಿ ಬಂದಾಗ ಗಂಟೆ ಎಂಟೂವರೆ. ಇಪ್ಪತ್ತಾರು ವರ್ಷದಲ್ಲಿ ಆ ಹೊತ್ತಿಗೆ ಅಂಗಡಿಯ ಈಚೆಯ ಬಾಗಿಲು ಮುಚ್ಚಿದ್ದನ್ನು ಆತ ಕಂಡದ್ದಿಲ್ಲ. ಬಡಿಯಲು ಕೈ ಎತ್ತಿದ. ಆಚೆಯ ಬಾಗಿಲಿನಿಂದ ಟೈಲರು, ಮೂಗಿನ ಮೇಲೆ ಮುಚ್ಚಳದ ಗುರುತು ಇನ್ನೂ ಹಾಗೇ ಇರುವ ಮುಖದಲ್ಲಿ ಹೊರಗೆ ಬಂದು ಆ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡ.

"ಮಲಗಿದಾಳೆ," ಎಂದ, ಮೆಲ್ಲಗೆ. "ಸಂಜೆ ಬನ್ನಿ."